ಪಣಜಿ ನೋಡದವನ ಪಣಜಿ ಮಾಹಿತಿ

ಮಂದಿಗೆ ದಾರಿ ಹೇಳೂ ಧಂದೇದಾಗ ಇದ್ದ ಮ್ಯಾಲ ಇಂಥಾ ಫಜೀತಿ ದಿನಾ ತಪ್ಪಿದ್ದಲ್ಲ. ಹುಬ್ಬಳ್ಳಿ ಗೋಕುಲ ರಸ್ತೆದಾಗ ನಂದೊಂದು ಸಣ್ಣ ಪ್ರವಾಸದ ಆಫೀಸು. ನಮ್ಮ ಮಂದೀನ್ನ ಗೋವಾದ ರಾಜಧಾನಿ ಪಣಜಿಗೆ ಬಸ್ಸಿನ್ಯಾಗ ಕಳಸ್ತೇನಿ. "ಪಣಜಿಯ ಸಂಪೂರ್ಣ ಮಾಹಿತಿ ಇಲ್ಲಿ" ಅಂತ ಬೋರ್ಡ್ ಬ್ಯಾರೆ ಹಚ್ಚೇನಿ. ಆದ್ರ ನಾ ಪಣಜಿ ನೋಡೇ ಇದ್ದಿಲ್ಲ. ಈ ಗುಟ್ಟು ಹೆಂಡತಿಗಷ್ಟ ಗೊತ್ತು. ಹೊರಗ ಬಿದ್ರ ಆಫೀಸಿಗೆ ಬೀಗಾನ.

೧. ಸಮುದ್ರದ ಟೈಮು

ಕೆಲಗೇರಿಯಿಂದ ಒಬ್ಬ ಅಕ್ಕಾರು ಫೋನ್ ಮಾಡಿದ್ರು. "ಅಣ್ಣಾರ, ಪಣಜ್ಯಾಗ ಸಮುದ್ರ ಎಷ್ಟಕ್ಕ ತಗೀತಾರ್ರಿ?"

"ಗೊತ್ತಿಲ್ಲ" ಅಂದ್ರ ಬೋರ್ಡಿನ ಮರ್ಯಾದಿ ಏನಾಗಬೇಕು? "ಮುಂಜಾನೆ ಆರಕ್ಕ್ರಿ" ಅಂದೆ.

ಪಾಪ, ಹೋಗಿ ಬಂದು ಪೇಢೆ ಕೊಟ್ಟು ಹೇಳಿದ್ರು: "ಖರೇ ಹೇಳಿದ್ರಿ ನೋಡ್ರಿ. ಆರಕ್ಕ ಹೋದ್ವಿ, ತಗದಿದ್ರು."

೨. ಕಾಕಾನ ವರದಿ

ನನ್ನ ಮಾಹಿತಿ ಎಲ್ಲಾ ಹೋಗಿ ಬಂದವರ ಬಾಯಿಂದ ಬಂದದ್ದು. ಗೋಪನಕೊಪ್ಪದ ಕಾಳಿನ ವ್ಯಾಪಾರಿ ಕಾಕಾ ತಿರುಗಿ ಬಂದ ಮರುದಿನ ಪೆನ್ನು ಹಿಡ್ಕೊಂಡು ಅವರ ಮುಂದ ಕುಂತೆ.

"ಪಣಜಿ ಹೆಂಗಿತ್ರಿ ಕಾಕಾ?"

"ಏನ್ ಪಣಜಿನೋ ಮಾರಾಯಾ! ಆ ಗಾಳಿಗೆ ಖಡಕ್ ರೊಟ್ಟಿ ಮೆತ್ತಗಾದ್ವು. ಅಂಥಾ ಊರನ್ನ ರಾಜಧಾನಿ ಯಾಕ ಮಾಡ್ಯಾರೋ!"

"ಸಮುದ್ರಕ್ಕ ದಾರಿ ಹೆಂಗ್ರಿ?"

"ಬಸ್ ಇಳಿದು ನೆಟ್ಟಗ ಹೋಗ್ರಿ. ನಮ್ಮ ಹುಬ್ಬಳ್ಳಿಯಾಂವ ಒಬ್ಬ ಗಿರಮಿಟ್ ಗಾಡಿ ಹಚ್ಚ್ಯಾನ. ಅಲ್ಲೇ ಬಲಕ್ಕ ಹೊಳ್ರಿ."

ಚರ್ಚ್ ಮರತಾರು, ಚುರಮುರಿ ಗಿರಮಿಟ್ ಸಿಗೂ ಜಾಗಾ ನಮ್ಮ ಮಂದಿ ಮರಿಯೂದಿಲ್ಲ. ಹಂಗ ಹಾಳಿ ಮ್ಯಾಲ ಅಚ್ಚು ಹಾಕಿಸಿ ಎಲ್ಲಾರಿಗೂ ಹಂಚಿದೆ.

ಹೆಂಡತಿ ಓದಿ, "ಗಾಡಿಗೆ ಗಾಲಿ ಇರ್ತಾವ್ರಿ" ಅಂದ್ಳು. ಹೆಣ್ಣಮಕ್ಕಳಿಗೆ ಧಂದೇ ತಿಳಿಯೂದಿಲ್ಲ ಅಂದ್ಕೊಂಡೆ.

೩. ಬಲಕ್ಕ ಹೊಳ್ಳೂ ಜಾಗಾ

ಮುಂದ ಕಾಕಾ ಬೀಗರನ್ನೆಲ್ಲಾ ಕರ್ಕೊಂಡು ಹೋಗಾಕ ಇಡೀ ಬಸ್ ಹಿಡಿದ್ರು. "ನೀವ ಮುಂದ ನಿಂತು ಊರು ತೋರಸ್ರಿ. ಇಲ್ಲಾಂದ್ರ ಬ್ಯಾರೆ ಆಫೀಸು ನೋಡ್ತೇವಿ."

ಗುಟ್ಟು ಹೊರಗ ಬೀಳೂ ಭಯ ಇತ್ತು. ಆದ್ರೂ ಹೊಂಟೆ. ಹೊರಡೂ ಹೊತ್ತಿಗೆ ಒಬ್ಬಾಂವ ಗಂಟು ಹಿಡ್ಕೊಂಡು ಓಡಿ ಬಂದು ಪಣಜಿ ಮಟ ಸೀಟು ಕೇಳಿದ. ಹಿಂದ ಒಂದ ಖಾಲಿ ಇತ್ತು, ಹತ್ತಿಸಿಕೊಂಡೆ. ಕುಂತಾಂವ ದಾರಿ ತುಂಬಾ ನಿದ್ದಿ ಹೊಡದ.

ಪಣಜ್ಯಾಗ ಇಳದ್ವಿ. ಮುಂದ ನಾನು, ಹಿಂದ ರೊಟ್ಟಿ ಗಂಟು ಹೊತ್ತ ಬೀಗರು. ನೆಟ್ಟಗ ನಡದ್ವಿ. ಇನ್ನೂ ನಡದ್ವಿ. ಗಾಡೀನ ಇಲ್ಲ! ಬೀಗರು ಗೊಣಗಾಕ ಹತ್ತಿದ್ರು. ಕಾಕಾ ನನ್ನ ಮಾರಿ ನೋಡಿ ಕೇಳಿದ್ರು, "ಖರೇ ಹೇಳ್ರಿ. ಈ ಊರು ಮೊದಲ ನೋಡೀರೋ ಇಲ್ಲೋ?"

ನಾಚಿಕಿಂದ ಸತ್ತಂಗಾತು. "ಇಲ್ಲ ಕಾಕಾ. ನೀವು ಹೇಳಿದ ಗಿರಮಿಟ್ ಗಾಡೀನ ನನ್ನ ಸಂಪೂರ್ಣ ಮಾಹಿತಿ."

ಅಷ್ಟರಾಗ ಹಿಂದಿನ ಸೀಟಿನಾಂವ ಆಕಳಿಸ್ಕೋತ ಮುಂದ ಬಂದ. "ಆ ಗಾಡಿ ನಂದರೀ. ತಂಗಿ ಮದುವಿಗೆ ಊರಿಗೆ ಹೋಗಿದ್ದೆ. ಅರ್ಧಾ ತಾಸು ತಡೀರಿ, ತಂದು ಹಚ್ಚತೇನಿ. ಆಮ್ಯಾಲ ಬಲಕ್ಕ ಹೊಳ್ರಂತ."

ಕಾಕಾ ಅಲ್ಲೇ ಕಟ್ಟಿ ಮ್ಯಾಲ ಕುಂತು ಬೀಗರಿಗೆ ಹೇಳಿದ್ರು, "ಇವರ ಮಾಹಿತಿ ಏನೂ ತಪ್ಪಿಲ್ಲರೀ. ಗಾಡಿ ಬರೂದು ಸ್ವಲ್ಪ ತಡಾ ಆಗೇದ, ಅಷ್ಟ."