ಬೀದಿ ನೋಡುವ ಚಪ್ಪಲಿಗಳು

ನಮ್ಮಕ್ಕ ಹೊಸೂರು ಸಂತೆಯಿಂದಾಚೆಗೆ ಹೋದವಳಲ್ಲ. ಆದರೂ ಒಂದು ವರ್ಷ ಬಾಗಲೂರಿನ ನಮ್ಮ ಮನೆಯನ್ನು ಜಪಾನಿನ ಪದ್ಧತಿಯಂತೆ ನಡೆಸಿದಳು!

ಎಂಬತ್ತರ ದಶಕದ ಮಾತು. ಫ್ಯಾಕ್ಟರಿ ಕೆಲಸದಲ್ಲಿದ್ದ ಪಕ್ಕದ ಮನೆಯವರು ಟೀವಿ ತಂದಿದ್ದರು. ಭಾನುವಾರ ಅದರಲ್ಲಿ ಜಪಾನಿನದೊಂದು ಪ್ರೇಮದ ಧಾರಾವಾಹಿ ಬರುತ್ತಿತ್ತು. ಮುಖ ಜಪಾನಿನದು, ಮಾತು ಹಿಂದಿಯದು. ಎರಡೂ ನಮಗೆ ತಿಳಿಯದು. ಹಾಗಂತ ಅಭಿಪ್ರಾಯಕ್ಕೆ ಬರವೇ?

"ಅದೇನಮ್ಮಿ, ಇಬ್ರೂ ಬಗ್ಗಿ ಬಗ್ಗಿ ನೆಲ ನೋಡ್ತಾವ್ರೆ? ಏನಾರ ಬಿದ್ದೋಯ್ತಾ?" ಎಂದು ಆ ಮನೆಯ ಅಜ್ಜಿ ಕೇಳಿದರು.

"ಸುಮ್ಕಿರಜ್ಜಿ, ಅವ್ರು ಪ್ರೀತಿ ಮಾಡ್ತಾವ್ರೆ," ಅಂದಳು ಅಕ್ಕ.

"ಇಷ್ಟು ದೂರ ನಿಂತ್ಕೊಂಡಾ? ಇವ್ರಿಗೆ ಮಕ್ಳಾಗೋದ್ಯಾವಾಗ?"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಟೀವಿಯಲ್ಲಿ ಹುಡುಗ ಒಳಗೆ ಕೂತಿದ್ದ. ಹುಡುಗಿ ಬಾಗಿಲಲ್ಲಿ ಮಂಡಿಯೂರಿ, ಅವನು ಬಿಟ್ಟ ಚಪ್ಪಲಿಯನ್ನು ಬೀದಿಯ ಕಡೆಗೆ ತಿರುಗಿಸಿ ಜೋಡಿಸಿದಳು. ಹೊರಡುವಾಗ ಅವನು ತಡವರಿಸದೆ ಕಾಲು ತೂರಿಸಲಿ ಅಂತ. "ನೋಡ್ಲಾ, ಬಾಯೇ ಬಿಡ್ನಿಲ್ಲ, ಎಲ್ಲಾ ಹೇಳ್ಬುಟ್ಲು," ಎಂದು ಅಕ್ಕ ನನ್ನನ್ನು ತಿವಿದಳು.

ಮಾರನೇ ದಿನದಿಂದ ನಮ್ಮ ಮನೆಗೆ ಬಂದವರ ಚಪ್ಪಲಿಗಳೆಲ್ಲ ಬೀದಿ ನೋಡತೊಡಗಿದವು. ನಮ್ಮ ಕಡೆ ಅದಕ್ಕೆ ಅರ್ಥ ಒಂದೇ ತಾನೆ? ಎದ್ದು ಹೋಗು ಅಂತ! ಸೋದರಮಾವ ಊಟಕ್ಕೆ ಕೂರದೆ ಹೊರಟುಬಿಟ್ಟರು. ಅಪ್ಪ ಬೈದರು, ಅಮ್ಮ ಪೊರಕೆ ತೋರಿಸಿದಳು. ಅಕ್ಕ ಜಗ್ಗಲಿಲ್ಲ. "ಬಂದೋರಿಗೆ ಮರ್ಯಾದೆ ಕೊಡೋದೂ ತಪ್ಪಾ?" ಅನ್ನುತ್ತಿದ್ದಳು.

ಆಗಲೇ ಅವಳನ್ನು ನೋಡಲು ಜವಳಗಿರಿಯಿಂದ ಗಂಡಿನವರು ಬಂದರು. ಹುಡುಗ ಅಕ್ಕನಿಗೆ ಹಿಡಿಸಿದ. ನನಗೆ ಹೇಗೆ ಗೊತ್ತಾಯಿತು ಅಂತೀರಾ? ಕಾಫಿ ಕೊಟ್ಟವಳು ಹಿತ್ತಲಿಂದ ಸುತ್ತಿ ಮುಂಬಾಗಿಲಿಗೆ ಬಂದಳು. ಎಲ್ಲರ ಚಪ್ಪಲಿಯನ್ನೂ ತಿರುಗಿಸಿದಳು. ಅವನದನ್ನು ಮಾತ್ರ ಸೆರಗಿನಿಂದ ಒರೆಸಿಟ್ಟಳು.

ಹೊರಗೆ ಬಂದ ಹುಡುಗನ ತಾಯಿ ಅಲ್ಲೇ ನಿಂತರು. "ಕಾಫಿ ಲೋಟ ಇನ್ನೂ ಆರಿಲ್ಲ, ಆಗ್ಲೇ ದಾರಿ ತೋರಿಸ್ತಾವ್ರೆ."

ಹುಡುಗ ಮಾತ್ರ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಯಾಕಪ್ಪಾ ಹಿಂಗೆ?"

ಬಾಗಿಲ ಸಂದಿಯಿಂದ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳ ಪರವಾಗಿ ಹೇಳಬಲ್ಲವನು ನಾನೊಬ್ಬನೇ. ಆದರೆ ಹಿರಿಯರ ಮುಂದೆ ಪ್ರೀತಿಯ ಮಾತು ಎತ್ತುವುದು ಹೇಗೆ? ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಬಾಯಿಗೆ ಸುಲಭದ ಮಾತೇ ಬಂತು: "ನಮ್ಮಕ್ಕಂಗೆ ಒಸಿ ತಿಕ್ಲು."

ನಗಲಿ ಅಂತ ಹೇಳಿದ್ದೆ. ಯಾರೂ ನಗಲಿಲ್ಲ. ಸಂಬಂಧ ಮುರಿಯಿತು.

ಆ ರಾತ್ರಿ ಅಕ್ಕ ನನಗೆ ಎಂದಿನಂತೆ ಮುದ್ದೆಗೆ ತುಪ್ಪ ಹಾಕಿ ಬಡಿಸಿದಳು. ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ. ಆ ಹುಡುಗನಿಗೆ ನಿಜ ಹೇಳಿಯೇ ತೀರಬೇಕು ಅಂತ ಬೆಳಿಗ್ಗೆ ಯಾರಿಗೂ ತಿಳಿಸದೆ ಬಸ್ಸು ಹತ್ತಿದೆ. ತಳಿ ಎಂಬ ಊರಲ್ಲಿ ಇಳಿದು ಜವಳಗಿರಿಗೆ ನಡೆದೆ. ದಾರಿಯಲ್ಲಿ ಆನೆ ಇದಾವೆ ಅಂದರೂ ನಿಲ್ಲಲಿಲ್ಲ.

ಅಕ್ಕನನ್ನು ನೋಡಲು ಬಂದಿದ್ದವರು ರಾಗಿ ಹೊಲದಲ್ಲಿ ಒಬ್ಬರೇ ಕಳೆ ಕೀಳುತ್ತಿದ್ದರು. ಬದುವಿನ ಮೇಲೆ ನಿಂತು ಒಂದೇ ಉಸಿರಿಗೆ ಹೇಳಿದೆ:

"ಅಕ್ಕಂಗೆ ತಿಕ್ಲಿಲ್ಲ, ನಾನು ಸುಳ್ಳಂದೆ. ಚಪ್ಲಿ ತಿರುಗ್ಸಿದ್ದು ಹೋಗಿ ಅಂತ ಅಲ್ಲ. ಟೀವೀಲಿ ಆ ಹುಡ್ಗಿ ಮನ್ಸಿಗೆ ಹಿಡಿಸ್ದೋನಿಗೆ ಹಂಗೆ ಮಾಡ್ತಾಳೆ. ಎಲ್ರುದೂ ತಿರುಗ್ಸಿಟ್ಲು, ನಿಮ್ದು ಮಾತ್ರ ಸೆರಗಲ್ಲಿ ಒರೆಸಿಟ್ಲು, ಭಾವ."

ಭಾವ ಅನ್ನೋದು ಬಾಯಿ ತಪ್ಪಿ ಬಂದಿತ್ತು. ನಾಲಿಗೆ ಕಚ್ಚಿಕೊಂಡೆ.

ಅವರು ಟೀವಿಯ ಆ ಹುಡುಗನಂತೆ ಬಗ್ಗಿ ನೆಲ ನೋಡಿದರು. ಆಮೇಲೆ ಕೈಯ ಮಣ್ಣು ಒರೆಸಿಕೊಳ್ಳುತ್ತ ಬದುವಿಗೆ ಬಂದು ಕೇಳಿದರು:

"ಏನಾರ ಉಂಡ್ಯೇನ್ಲಾ?"