ಹತ್ತು ನಿಮಿಷದ ವಾಕಿಂಗ್

"ಸುಸ್ತು ಅಂತ ಮಲಗೇ ಇದ್ರೆ ಸುಸ್ತು ಇನ್ನೂ ಜಾಸ್ತಿ ಆಗುತ್ತಮ್ಮ. ಬಿಸಿಲು ಇಳಿದ ಮೇಲೆ ದಿನಾ ಹತ್ತು ನಿಮಿಷ ನಿಧಾನಕ್ಕೆ ನಡೀರಿ" ಎಂದು ಡಾಕ್ಟರ್ ಪ್ರೇಮಲತಾ ಹೇಳಿದ್ದು ಮಾಲಿನಿಗೆ. ಎದೆ ಹೊಡೆದುಕೊಂಡದ್ದು ಅವಳ ಗಂಡ ಸೋಮಶೇಖರನಿಗೆ.

ಮೈಯ ರಕ್ಷಣಾಶಕ್ತಿಯೇ ಮೈಗೆ ತಿರುಗಿಬೀಳುವ, ಬಿಸಿಲಿಗೆ ಕೆರಳುವ ಲೂಪಸ್ ಕಾಯಿಲೆ ಮಾಲಿನಿಗಿದೆ ಎಂದು ಗೊತ್ತಾಗಿ ಎರಡು ವರ್ಷ. ಕೀಲುನೋವು ಔಷಧಿಗೆ ಬಗ್ಗಿತ್ತು, ಸುಸ್ತು ಬಗ್ಗಿರಲಿಲ್ಲ. ತಲೆ ಬಾಚಿಕೊಂಡರೆ ಸಾಕು, ಇಡೀ ಹೊಲ ಉತ್ತವಳಂತೆ ಕೂತುಬಿಡುತ್ತಿದ್ದಳು. ಗುಬ್ಬಿಯಲ್ಲಿ ಗುಮಾಸ್ತನಾಗಿದ್ದ ಸೋಮಶೇಖರ ಆಫೀಸಿನಿಂದ ಗಂಟೆಗೊಮ್ಮೆ ಫೋನ್ ಮಾಡಿ "ಎದ್ದು ಓಡಾಡ್ತಿಲ್ಲ ತಾನೆ?" ಎಂದು ಕೇಳುತ್ತಿದ್ದ. ಅವನಿಗೆ ತಿಳಿದ ಆರೈಕೆ ಅದೊಂದೇ.

ಭಾನುವಾರ ಸಂಜೆ ಶಿರಾ ಗೇಟ್ ಹಿಂದಿನ ತಮ್ಮ ಬಡಾವಣೆಯಲ್ಲಿ ಇಬ್ಬರೂ ಹೊರಟರು. ಮುಂದೆ ತುಂಬುತೋಳಿನ ರವಿಕೆಯ ಮಾಲಿನಿ. ಹಿಂದೆ ಸೋಮಶೇಖರ, ಒಂದು ಕೈಯಲ್ಲಿ ಗ್ಲೂಕೋಸ್ ನೀರು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿ. ಭಾರವಾದೀತೆಂದು ಅವಳ ಮೊಬೈಲೂ ಅವನ ಜೇಬಿನಲ್ಲೇ.

"ಕುರ್ಚಿ ಯಾಕ್ರೀ? ಜನ ನೋಡ್ತಾರೆ."

"ನೋಡ್ಲಿ ಬಿಡು. ನೀನು ಬಿದ್ರೆ ಅವ್ರು ಹಿಡ್ಕೋತಾರಾ?"

ಮೂರನೇ ಮನೆಯ ಶಕುಂತಲಮ್ಮ ಗೇಟು ತೆರೆದು ಬಂದರು. "ಏನ್ ಸೋಮಣ್ಣ, ಹುಷಾರಿಲ್ದೋಳ್ನ ಬೀದೀಲಿ ನಡಸ್ತೀಯಲ್ಲಪ್ಪ! ನಮ್ಮ ಅಮೃತೂರಿನ ನಾದಿನಿ ಎಂಟು ತಿಂಗಳು ನೆಲಕ್ಕೆ ಕಾಲಿಡ್ಲಿಲ್ಲ ಗೊತ್ತಾ?" ಎನ್ನುತ್ತ ಕುರ್ಚಿ ಇಸಿದುಕೊಂಡು, ಮಂಡಿನೋವೆಂದು ತಾವೇ ಕೂತರು.

ಮಾಲಿನಿ ನಿಲ್ಲಲಿಲ್ಲ. ಸೋಮಶೇಖರ ಹೋಗುವಂತಿಲ್ಲ, ಹಿರಿಯರ ಕೆಳಗಿನಿಂದ ಕುರ್ಚಿ ಎಳೆಯುವಂತೆಯೂ ಇಲ್ಲ. ಶಕುಂತಲಮ್ಮನ ಕತೆ ನಾದಿನಿಯನ್ನು ಕುಣಿಗಲ್ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅವನು ತಲೆಯೆತ್ತಿ ನೋಡಿದ. ಬೀದಿ ಖಾಲಿ!

ಗಾಬರಿಯಿಂದ ಮಾಲಿನಿಗೆ ಫೋನ್ ಮಾಡಿದ. ಅದು ಅವನ ಜೇಬಿನಲ್ಲೇ ಹೊಡೆದುಕೊಂಡಿತು.

ಕುರ್ಚಿ, ಬಾಟಲಿ ಎರಡನ್ನೂ ಬಿಟ್ಟು ಮೂಲೆಯ ಎಳನೀರಿನ ಚನ್ನವೀರಯ್ಯನ ಬಳಿಗೆ ಧಾವಿಸಿದ.

"ಯಾರೋ ಹೆಂಗಸು ಬಿದ್ದೋದ್ರಂತೆ ಸಾ. ಆಟೋದಲ್ಲಿ ಹಾಕ್ಕಂಡು ಪ್ರೇಮಲತಾ ಮೇಡಂ ಕ್ಲಿನಿಕ್‌ಗೆ ಹೋದ್ರು."

"ಸೀರೆ ಯಾವ ಬಣ್ಣ?"

"ಎಳ್ನೀರ್ ಕೊಚ್ತಿದ್ದೆ ಸಾ. ಬಣ್ಣ ನೋಡ್ಲಾ, ಬೆರಳು ನೋಡ್ಲಾ?"

ಸೋಮಶೇಖರ ಓಡಿದ. ಹೈಸ್ಕೂಲು ಬಿಟ್ಟ ಮೇಲೆ ಅವನು ಓಡಿದ್ದು ಅಂದೇ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು. 'ನಾನೇ ನಡೆಸಿ ಬೀಳಿಸಿದೆ, ನಾನೇ ನಡೆಸಿ ಬೀಳಿಸಿದೆ' ಎಂದು ಒಂದೊಂದು ಹೆಜ್ಜೆಗೂ ಮನಸ್ಸು ಚುಚ್ಚುತ್ತಿತ್ತು. ಕ್ಲಿನಿಕ್ಕಿನ ಬಾಗಿಲಲ್ಲಿ ಇಣುಕಿದರೆ ಬೆಂಚಿನ ಮೇಲೆ ಕಾಲು ಉಳುಕಿದ ಯಾರೋ ಅಪರಿಚಿತ ಹೆಂಗಸು. ಅವಳು ಮಾಲಿನಿಯಲ್ಲ ಎಂಬ ಸಮಾಧಾನಕ್ಕೋ ಏನೋ, ಅವನ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಮಂಚದ ಮೇಲಿದ್ದ. ಡಾಕ್ಟರು ಇಸಿಜಿಯ ಕಾಗದ ನೋಡುತ್ತಿದ್ದರು. ಅಷ್ಟರಲ್ಲಿ ಪರದೆ ಸರಿಸಿ ಮಾಲಿನಿ ಬಂದಳು.

"ನಾನು ಪಕ್ಕದ ಬೀದಿ ಸುತ್ತಿ ಬರೋಷ್ಟ್ರಲ್ಲಿ ನೀವು ಇತ್ತ ಓಡಿದ್ರಿ ಅಂತ ಚನ್ನವೀರಯ್ಯ ಹೇಳಿದ್ರು. ಏನಾಯ್ತೋ ಅಂತ ಜೀವ ಬಾಯಿಗೆ ಬಂತು ರೀ. ಆಟೋ ಸಿಗ್ಲಿಲ್ಲ. ಎರಡು ಕಡೆ ಕೂತು ಸುಧಾರಿಸ್ಕೊಂಡು ನಡ್ಕೊಂಡೇ ಬಂದೆ."

"ಇಷ್ಟು ದೂರ? ನೀನು?"

"ನಂಗೂ ಈಗ್ಲೇ ಗೊತ್ತಾಗಿದ್ದು." ಅವಳ ಕಣ್ಣಲ್ಲಿ ಎರಡು ವರ್ಷದಿಂದ ಕಾಣದಿದ್ದ ಕಳೆಯಿತ್ತು.

ಡಾಕ್ಟರು ನಕ್ಕರು. "ನಿಮ್ಮಿಂದ ಆಗುತ್ತೆ ಅಂತ ಗೊತ್ತಾಯ್ತಲ್ಲಮ್ಮ? ಆದ್ರೆ ಒಂದೇ ದಿನ ಇಷ್ಟು ಬೇಡ, ಸ್ವಲ್ಪ ಸ್ವಲ್ಪ ಹೆಚ್ಚಿಸ್ಕೊಳ್ಳಿ. ಈಗ ಆಟೋದಲ್ಲಿ ಹೋಗಿ." ಆಮೇಲೆ ಸೋಮಶೇಖರನ ಕಡೆ ತಿರುಗಿದರು. "ನಿಮ್ಮ ಹಾರ್ಟು ಚೆನ್ನಾಗಿದೆ, ಓಡಿ ಏರಿದ್ದ ಬಿಪಿನೂ ಇಳೀತು. ಮೈಗೆ ಅಭ್ಯಾಸ ಇಲ್ಲ, ಅಷ್ಟೆ. ದಿನಾ ಅರ್ಧ ಗಂಟೆ ನಡೀಬೇಕು."

"ನಾಳೆಯಿಂದ ಖಂಡಿತ, ಡಾಕ್ಟ್ರೇ."

ಹೊರಗೆ ಆಟೋ ಬಂತು. ಸೋಮಶೇಖರ ಒಂದು ಕಾಲು ಒಳಗಿಟ್ಟ. ಮಾಲಿನಿ ಮೆತ್ತಗೆ ಆ ಕಾಲನ್ನು ಕೆಳಗಿಳಿಸಿದಳು.

"ನಂದು ಇವತ್ತಿಂದು ಮುಗೀತು. ನೀವು ನಿಧಾನಕ್ಕೆ ನಡ್ಕೊಂಡು ಬನ್ನಿ ರೀ" ಎಂದು ಅವಳು ಹೇಳುತ್ತಿದ್ದಂತೆ ಆಟೋ ಹೊರಟೇಹೋಯಿತು.