ದೊಡ್ಡಳತೆಯ ಬಳೆ ಯಾರಿಗೂ ಬೇಡ!

ಪೀರಾಂಬಿ: ಜ್ವಾಳದ ಚೀಲ ಹೊಲೀಬೇಕು. ನನ್ನ ದಬ್ಬಣ ಕೊಡ್ತೀರೋ ಇಲ್ಲೋ?

ಮಲಂಗಸಾಬ: ಸುಮ್ನಿರು. ಪ್ರಶ್ನಿ ಕೇಳಾಕತ್ತೇನಿ.

ಪೀರಾಂಬಿ: ದಬ್ಬಣಕ್ಕ?

ಮಲಂಗಸಾಬ: ಕಾರ್ಡಿಗೆ!

(೧೯೭೪. ತಿಕೋಟಾದ ಬಳೆ ಅಂಗಡಿ. ಪೀರಾಂಬಿಯ ಗಂಡ ಮಲಂಗಸಾಬ ವಿಜಾಪುರದಲ್ಲಿ ವ್ಯಾಪಾರಿಗಳ ತರಗತಿಗೆ ಎಂಟು ದಿನ ಹೋಗಿ ಬಂದವನೇ, ಅಲ್ಲಿ ಕಲಿತ ಹಾಗೆ ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ, ಅಂಗಡಿಗೆ ಬರುವ ಪ್ರತಿ ಗಿರಾಕಿಗೊಂದು ಕಾರ್ಡು ಬರೆದಿದ್ದಾನೆ. ಅಂಚಿಗೆಲ್ಲ ತೂತು, ಅಳತೆಗೊಂದು. ಗಿರಾಕಿ ಕೊಂಡ ಅಳತೆಯ ತೂತನ್ನು ಅಂಚಿನವರೆಗೂ ಕತ್ತರಿಸಿರುತ್ತಾನೆ. ಕಾರ್ಡುಗಳನ್ನು ಒಟ್ಟಿಗೆ ಜೋಡಿಸಿ ಒಂದು ಅಳತೆಯ ತೂತಿಗೆ ದಬ್ಬಣ ತೂರಿಸಿ ಎತ್ತಿದರೆ ಕತ್ತರಿಸಿದ ಕಾರ್ಡು ಕೆಳಗೆ ಬೀಳಬೇಕು, ಉಳಿದವು ತೂಗಬೇಕು. ಲಗ್ನದ ಹಂಗಾಮಿನ ಸರಕು ತರಲು ಹೋಗುವ ಬಸ್ಸಿಗೆ ಇನ್ನು ಅರ್ಧ ಗಂಟೆ. ತಪ್ಪು ಸರಕು ತಂದರೆ ವರ್ಷವೆಲ್ಲ ಅದರ ಮುಖ ನೋಡುತ್ತ ಕೂರಬೇಕು.)

ಪೀರಾಂಬಿ: ದೊಡ್ಡಳತಿ ಬಳಿ ತರ್ರಿ ಅಂತ ಹೇಳಿ ಹೇಳಿ ನನ್ನ ನಾಲಿಗಿ ಸವದೈತಿ.

ಮಲಂಗಸಾಬ: ಬಾಯಿಮಾತಿನ ಕಾಲ ಹೋತು. ನೋಡಿಲ್ಲಿ! (ದೊಡ್ಡಳತೆಯ ತೂತಿಗೆ ದಬ್ಬಣ ತೂರಿಸಿ ಎತ್ತುತ್ತಾನೆ.) ಒಂದರ ಬಿತ್ತೇನು? ದೊಡ್ಡಳತಿ ಯಾರಿಗೂ ಬ್ಯಾಡ!

ಪೀರಾಂಬಿ: ಜಾಡಸ್ರಿ, ಸಿಕ್ಕೊಂಡಿರಬೇಕು.

ಮಲಂಗಸಾಬ: (ಜಾಡಿಸಿ) ಕಾರ್ಡು ಸುಳ್ಳು ಹೇಳೂದಿಲ್ಲ.

(ಘೋಣಸಗಿಯ ರಾಚವ್ವ ಬರುತ್ತಾಳೆ. ಹೊಲದಲ್ಲಿ ದುಡಿದು ಅಗಲವಾದ ಕೈ.)

ರಾಚವ್ವ: ಮಗಳು ಬಸರಿ, ಏಳು ತಿಂಗಳಾತಣ್ಣಾ, ಕುಬಸದ ಕಾರ್ಯ ಐತಿ. ನನಗ ಹಸರ ಬಳಿ ಇಡಸು, ದೊಡ್ಡಳತೀವು.

ಮಲಂಗಸಾಬ: ದೊಡ್ಡಳತಿ ಇಲ್ಲವ್ವಾ. ಸಣ್ಣಾವು ಇಟ್ಕೋ, ಎಲ್ಲಾರೂ ಅವನ್ನ ಒಯ್ತಾರ.

ರಾಚವ್ವ: ಹೋದ ವರ್ಷನೂ ಹಿಂಗ ಅಂದಿ. ಈ ಕೈ ಮನ್ಯಾಗ ಬಿಟ್ಟು ಬರ್ಲೇನು?

(ಸಿಟ್ಟಿನಿಂದ ಹೊರಟುಹೋಗುತ್ತಾಳೆ. ಮಲಂಗಸಾಬ ಹಿಗ್ಗುತ್ತಾನೆ.)

ಮಲಂಗಸಾಬ: ನೋಡಿದೇನು? ಈಕೀನೂ ದೊಡ್ಡಳತಿ ತಗೊಳ್ಳಲಿಲ್ಲ!

ಪೀರಾಂಬಿ: (ಹಣೆ ಬಡಿದುಕೊಂಡು) ಇಲ್ಲದ್ದನ್ನ ಹ್ಯಾಂಗ ತಗೋತಾರ್ರಿ? ಕೊಂಡವರದಷ್ಟ ಕತ್ತರಿಸೀರಿ. ಕೇಳಿ ಬರಿಗೈಲೆ ಹೋದವರದು ಎಲ್ಲಿ ಕತ್ತರಿಸೀರಿ?

(ಮಲಂಗಸಾಬ ಕಾರ್ಡನ್ನು ತಿರುವಿ ಮುರುವಿ ನೋಡುತ್ತಾನೆ. ಅಂಥ ತೂತನ್ನೇ ಅವನು ಇಟ್ಟಿರಲಿಲ್ಲ. ಬೆವರು ಒರೆಸಿಕೊಳ್ಳುತ್ತಾನೆ.)

ಮಲಂಗಸಾಬ: ಮೂಲ್ಯಾಗ ಒಂದು ತೂತು ಖಾಲಿ ಐತಿ, ಅದನ್ನ ದೊಡ್ಡಳತಿ ಕೇಳಿ ಹೋದವರಿಗೆ ಇಡೂಣು...

ಪೀರಾಂಬಿ: ಕತ್ತರಿ ಹಿಡೀರಿ. ಘೋಣಸಗಿ ರಾಚವ್ವ. ಬಿಜ್ಜರಗಿ ಹುಚ್ಚವ್ವ, ಎರಡು ಸಲ ಬಂದು ಹೋಗ್ಯಾಳ. ಹಿಂದಿನ ಓಣಿ ಮದೀನಾಬಿ. ಚಾಂದಬಿ, ಆಕಿ ನಾದಿನಿ, ನಾದಿನಿ ಅತ್ತಿ...

(ಆಕೆಯ ಬಾಯಿಯೂ ನಿಲ್ಲುವುದಿಲ್ಲ, ಈತನ ಕತ್ತರಿಯೂ ನಿಲ್ಲುವುದಿಲ್ಲ. ಕೊನೆಗೆ ಆ ಮೂಲೆಯ ತೂತಿಗೆ ದಬ್ಬಣ ತೂರಿಸಿ ಎತ್ತಿದರೆ ಕಾರ್ಡುಗಳು ದಬದಬನೆ ಅವನ ತೊಡೆಯ ಮೇಲೆ.)

ಮಲಂಗಸಾಬ: ಯಪ್ಪಾ! ಅರ್ಧ ತಿಕೋಟಾನ ಬಿತ್ತಲ್ಲೋ!

(ಸರಕಿನ ಚೀಟಿಯ ಮೊದಲ ಸಾಲಿಗೇ ದೊಡ್ಡಳತೆ ಬರೆದು, ಚಪ್ಪಲಿ ಮೆಟ್ಟಿ ಬಸ್ಸಿಗೆ ಓಡುವವನು ಬಾಗಿಲಲ್ಲಿ ನಿಲ್ಲುತ್ತಾನೆ.)

ಮಲಂಗಸಾಬ: ಅಲ್ಲಾ, ಇಷ್ಟೆಲ್ಲಾ ನಿನ್ನ ತಲ್ಯಾಗ ಇತ್ತಂದ್ರ ಈ ಕಾರ್ಡು ಯಾಕ ಬೇಕಿತ್ತು?

ಪೀರಾಂಬಿ: ನನಗೆಲ್ಲಿ ಬೇಕಿತ್ತರಿ? ಹನ್ನೆರಡು ವರ್ಷ ಹೆಂಡ್ತಿ ಹೇಳಿದ್ರ ಕುಂತಲ್ಲಿಂದ ಏಳಲಿಲ್ಲ. ಕಾರ್ಡು ಹೇಳಿದ ಕೂಡ್ಲೆ ಓಡಾಕತ್ತೀರಿ!